ಔರಾದದ ಹಲ್ಲಿನ ಅಚ್ಚು

ಏನ್ರಿ,

ಏಳರ ಬಸ್ಸಿಗೆ ಭಾಲ್ಕಿಗೆ ಹೋಗುತ್ತಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿದೆ, ಪುಂಡಿ ಪಲ್ಯ ನೀವೇ ಬಿಸಿ ಮಾಡಿಕೊಳ್ಳಿ. ಟ್ಯಾಂಕರ್ ಬಂದರೆ ಮೊದಲು ಕುಡಿಯುವ ನೀರು ತುಂಬಿ, ನಮ್ಮ ಹಲ್ಲಿನ ಲ್ಯಾಬಿನ ಡ್ರಮ್ಮು ಆಮೇಲೆ.

ನಿನ್ನೆ ಮಾರಲು ಬಂದ ಆ ಏಜೆಂಟ್ ಸ್ಕ್ಯಾನರ್ ತೋರಿಸಿದ್ದು ತಾನೇ ತಂದ ಬೆಳ್ಳನೆಯ ಮಾದರಿ ಹಲ್ಲಿನ ಮೇಲೆ. ಅಂಥ ಹಲ್ಲು ನಮ್ಮ ಜಿಲ್ಲೆಯಲ್ಲಿ ಯಾರ ಬಾಯಲ್ಲಿದೆ? "ಡಾಕ್ಟರ್ ಬಾಯಿಂದ ತೆಗದು ಕಳಸಿದ ರಬ್ಬರ್ ಅಚ್ಚು ಇಟ್ಟು ತೋರಸ್ರಿ" ಅಂದೆ. ಅವನು ನಕ್ಕ. ನೀವು "ಮಷೀನಿಂದು ನಿನಗೇನ್ ತಿಳೀತದ, ಚಹಾ ತಗೊಂಡ್ ಬಾ" ಅಂದಿರಿ. ಚಹಾ ತರುವಷ್ಟರಲ್ಲಿ ಆರ್ಡರ್ ಫಾರ್ಮಿಗೆ ಸಹಿ ಹಾಕಿ ಮುಗಿಸಿದ್ದಿರಿ.

ಹನ್ನೊಂದು ವರ್ಷದಿಂದ ಆ ಅಚ್ಚುಗಳಿಗೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಪ್ಲಾಸ್ಟರ್ ಹಲ್ಲನ್ನು ಉಜ್ಜುತ್ತಿರುವವಳು ನಾನು. ಉಜ್ಜುವ ಯಂತ್ರ ಎಷ್ಟು ನೀರು ಕುಡಿಯುತ್ತದೆ ಎಂದು ಕೊಡ ಹೊತ್ತವಳಿಗೆ ಗೊತ್ತು. ಅಚ್ಚನ್ನೇ ಓದುವ ಸ್ಕ್ಯಾನರ್ ಬಂದರೆ ಪ್ಲಾಸ್ಟರೂ ಬೇಡ, ಆ ನೀರೂ ಬೇಡ. ಭಾಲ್ಕಿಯ ಲ್ಯಾಬಿನಲ್ಲಿ ಅಂಥದ್ದೊಂದಿದೆಯಂತೆ. ಔರಾದದ ಜಿಜಾಬಾಯಿಯ ಅಚ್ಚು ಒಯ್ಯುತ್ತಿದ್ದೇನೆ. ಇದ್ದುದರಲ್ಲಿ ಅದೇ ಆಳವಾದದ್ದು, ಓದಲು ಕಷ್ಟವಾದದ್ದು. ಅದನ್ನು ಓದಿದ ಯಂತ್ರವೇ ನಮ್ಮ ಮನೆಗೆ ಬರುವುದು. ಅವಳು ಶುಕ್ರವಾರ ಕಬ್ಬು ಕಡಿಯಲು ಗ್ಯಾಂಗಿನ ಜೊತೆ ಹೊರಡುತ್ತಾಳೆ, ಅಷ್ಟರೊಳಗೆ ಅವಳ ಬಾಯಲ್ಲಿ ಹೊಸ ಹಲ್ಲು ಕೂಡಬೇಕು.

ಏಜೆಂಟ್ ಹತ್ತಕ್ಕೆ ಫಾರ್ಮ್ ಒಯ್ಯಲು ಬರುತ್ತಾನೆ. ಮೇಜಿನ ಖಾನೆಯಲ್ಲಿ ಹುಡುಕಬೇಡಿ. ಈ ಚೀಟಿ ಬರೆದದ್ದು ಅದರ ಹಿಂಬದಿಯಲ್ಲಿಯೇ. ತಿರುಗಿಸಿ ನೋಡಿ, ನಿಮ್ಮ ಸಹಿಯ ಮೇಲೆ ಗೀಟು ಎಳೆದಿದ್ದೇನೆ.

ಅವನಿಗೆ ಚಹಾ ನೀವೇ ಮಾಡಿ ಕೊಡಿ.

ಕುಮುದಿನಿ