ಮಾತ್ರೆ ಕೊಡದೆ ಕಳಿಸಿದ ಅಂಗಡಿ

ಓಬಳೇಶಣ್ಣ,

ನೀವು ಹೋಗಿ ನಾಲ್ಕು ವರ್ಷವಾಯಿತು. ನಿನ್ನೆ ಹಿಂದೂಪುರದ ಒಂದು ಮೆಡಿಕಲ್ ಸ್ಟೋರಿನಲ್ಲಿ ನಿಮ್ಮ ನೆನಪಾಯಿತು. ಪರಿಗಿಯ ಹೆಂಗಸೊಬ್ಬಳು ಕಾಲುಸೆಳೆತಕ್ಕೆಂದು ಪೊಟ್ಯಾಸಿಯಂ ಮಾತ್ರೆ ಕೇಳಿದಳು. ಕೈಯಲ್ಲಿ ಆಗಷ್ಟೇ ಕೊಂಡ ಬೀಪಿ ಮಾತ್ರೆಯಿತ್ತು. ಅಂಗಡಿಯವನು ಚೀಟಿಯನ್ನೂ ಕೇಳದೆ, "ಏಂ ಕಾದು ಲೇಮ್ಮಾ, ಏನೂ ಆಗಲ್ಲ, ಶಕ್ತಿ ಮಾತ್ರೆ ಅಷ್ಟೇ" ಎಂದು ಕೊಟ್ಟುಬಿಟ್ಟ.

ನಾನು ಅಡ್ಡ ಬಂದೆ. ಇಪ್ಪತ್ತು ವರ್ಷದ ಹಿಂದೆ ಕಲ್ಯಾಣದುರ್ಗದ ನಿಮ್ಮ ಔಷಧಿ ಅಂಗಡಿಯಲ್ಲಿ ನನ್ನಕ್ಕನಿಗೆಂದು ಇದೇ ಮಾತ್ರೆ ಕೇಳಿದಾಗ ನೀವು ಹೇಳಿದ್ದನ್ನೇ ಅವಳಿಗೆ ಹೇಳಿದೆ: "ಈ ಬೀಪಿ ಮಾತ್ರೆ ಜೊತೆ ಅದು ಸೇರಿದ್ರೆ ಗುಂಡಿಗೇನೇ ನಿಂತ್ಬುಡಬೋದು ಕಣಮ್ಮ. ಮೊದ್ಲು ಡಾಕ್ಟ್ರಿಗೆ ತೋರ್ಸಿ ಕಿಡ್ನಿ ಟೆಸ್ಟ್ ಮಾಡ್ಸು. ಅದು ಸರಿಯಿದ್ರೆ ಹುರುಳಿಕಟ್ಟು, ಸೊಪ್ಪು, ಬಾಳೆಹಣ್ಣು ಸಾಕು."

"ನೀವೇನ್ ಡಾಕ್ಟ್ರಾ ಸಾರ್?" ಎಂದಳು.

"ಅಲ್ಲಮ್ಮ, ಅದಕ್ಕೇ ಅವರನ್ನ ಕೇಳು ಅಂದಿದ್ದು."

ಅವಳು ಮಾತ್ರೆ ವಾಪಸು ಕೊಟ್ಟಳು. ಅಕ್ಕನಿಗೆ ಈಗ ಎಪ್ಪತ್ತೆಂಟು; ಹುರುಳಿಕಟ್ಟು ಇನ್ನೂ ಬಿಟ್ಟಿಲ್ಲ. ಗಿರಾಕಿಯ ಜೀವಕ್ಕಾಗಿ ಗಿರಾಕಿಯನ್ನೇ ಬರಿಗೈಲಿ ಕಳಿಸುವ ಅಂಗಡಿಯವರನ್ನು ನಿಮ್ಮ ನಂತರ ನಾನು ಕಂಡಿಲ್ಲ.

ಅಂದು ನೀವು ನನ್ನನ್ನು ಹಾಗೆ ಕಳಿಸಿದ ವಾರವೇ, ಔಷಧಿಯಿದ್ದೂ ಕೊಡುವುದಿಲ್ಲವೆಂದು ನಿಮ್ಮ ಮೇಲೆ ಹೆಸರಿಲ್ಲದ ದೂರೊಂದು ಹೋಯಿತು. ತನಿಖೆಗೆಂದು ಅಂಗಡಿ ಹದಿನೈದು ದಿನ ಮುಚ್ಚಿತ್ತು. "ಯಾರೋ ಚೆನ್ನಾಗಿ ಓದ್ಕೊಂಡೋರೇ ಬರ್ದವ್ರೆ, ಯಾರಿರಬೋದಪ್ಪ?" ಎಂದು ನನ್ನನ್ನೇ ಕೇಳಿದಿರಿ. ನೀವು ತರಿಸಿದ ಟೀ ಕುಡಿದು ಎದ್ದು ಬಂದೆ.

ಇವತ್ತು ಹಿಂದೂಪುರದ ಅಂಗಡಿಯ ಮೇಲೆ ದೂರು ಬರೆದೆ. ಈ ಸಲ ಕೆಳಗೆ ನನ್ನ ಹೆಸರು ಹಾಕಿದ್ದೇನೆ.

ಮುರಳಿಕೃಷ್ಣ