ಬೀರುವಿನಲ್ಲಿರುವ ನೇರಳೆ ಸೀರೆ

ಮೊಳಕಾಲ್ಮೂರು
ಮಂಗಳವಾರ ಬೆಳಗ್ಗೆ

ಚಳ್ಳಕೆರೆಯ ಸೀರೆ ಅಂಗಡಿ ಮುರುಗೇಂದ್ರಪ್ಪಣ್ಣನವರಿಗೆ ಕಮಲಾಕ್ಷಮ್ಮ ಮಾಡುವ ನಮಸ್ಕಾರ.

ಇದು ಫೋನಿನಲ್ಲಿ ಹೇಳುವ ಮಾತಲ್ಲ. ಅದಕ್ಕೇ ಬರೆದು ತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಮಾರಾಟವಾದ ಮೇಲೆ ದುಡ್ಡು ಕೊಡಿ ಎಂದು ನಿಮ್ಮಲ್ಲಿ ಇಟ್ಟ ಸೀರೆಗಳಲ್ಲಿ ಹಸಿರು ಅಂಚಿನ ನೇರಳೆ ಸೀರೆ ಒಂದಿದೆ. ಅದನ್ನು ವಾಪಸ್ ಕೊಡಿ. ಉಳಿದವುಗಳ ಹಣಕ್ಕೆ ಅವಸರವಿಲ್ಲ.

ಅದನ್ನು ನಮ್ಮ ಮನೆಯವರು ನೇಯ್ದದ್ದು ಮಗಳು ತೇಜಶ್ರೀಯ ಮದುವೆಗೆಂದು. ಹಿಂದೆ ಅವಳಿಗೆಂದು ನೇಯ್ದವೂ ಹೊಸ ರೇಷ್ಮೆ ತರಲು ದುಡ್ಡಿಲ್ಲದೆ ನಿಮ್ಮ ಅಂಗಡಿಗೇ ಬಂದವು. ಬಿ.ಕಾಂ. ಓದಿದ ಹುಡುಗಿ, ಕೋಪ ಮಾಡಿಕೊಳ್ಳಲಿಲ್ಲ. “ಅವ್ವ, ನಮ್ ದುಡ್ಡೆಲ್ಲ ಅಂಗಡಿ ಮಾವನ ಬೀರುನಾಗೆ ಮಡಚ್ಕೊಂಡು ಕೂತೈತೆ. ಅದು ಹೊರಗೆ ಬಂದ್ರೇನೇ ಮಗ್ಗ ನಡಿಯೋದು. ನಂದು ಮುಂದಿನ ಸಲ ಆಗ್ಲಿ ಬಿಡು” ಅಂದಿದ್ದಳು.

ಅವಳಿಗೆ ಡೆಂಗಿ ಜ್ವರ ಬಂತು. ನಿನ್ನೆ ಸಂಜೆ ನಮ್ಮ ಕೈಬಿಟ್ಟು ಹೋದಳು. ಇವರು ಮಗ್ಗದ ಮುಂದೆ ಕೂತವರು ಇನ್ನೂ ಎದ್ದಿಲ್ಲ.

ಮಣ್ಣು ಮಾಡುವ ಮುಂಚೆ ಉಡಿಸಬೇಕು. ಮಧ್ಯಾಹ್ನದೊಳಗೆ ಮುಟ್ಟುವಂತೆ ತಮ್ಮನ ಕೈಗೆ ಕೊಟ್ಟುಬಿಡಿ. ಸೀರೆಗೆ ಅಂಟಿಸಿದ ಬೆಲೆ ಚೀಟಿಯನ್ನು ಮಾತ್ರ ಅಲ್ಲೇ ಕಿತ್ತು ಕಳಿಸಿ.

ಇಂತಿ ನಿಮ್ಮ ತಂಗಿ,
ಕಮಲಾಕ್ಷಮ್ಮ