ಪರದೆಯ ಮೇಲಿನ ಹೊಳೆ

ಉಪ್ಪಲ್, ಸೋಮವಾರ

ಚಾಲಕರ ತರಬೇತಿ ಶಾಲೆಯ ಕೇದಾರ ಮಾಸ್ತರರ ಸನ್ನಿಧಿಗೆ, ಪೆಟ್ರೋಲ್ ಟ್ಯಾಂಕರಿನ ಚಾಲಕ ಸೂರ್ಯಕಾಂತನ ನಮಸ್ಕಾರಗಳು.

ಕೂತಲ್ಲೇ ಗಾಡಿ ಓಡಿಸಲು ಕಲಿಸುವ ನಿಮ್ಮ ಯಂತ್ರದ ರಿಪೇರಿ ನಡೆದಿರಬಹುದು. ಅದರೊಳಗೆ ಸಿಗುವ ನಾಣ್ಯ ನನ್ನದೇ. ಸೀಟು, ಸ್ಟೇರಿಂಗ್ ಎಲ್ಲ ಕೊಟ್ಟು, ಎದುರಿನ ಪರದೆಯ ಮೇಲೆ ರಸ್ತೆ ತೋರಿಸಿ, ಓಡಿಸು ಎಂದಿರಿ. ಓಡಿಸಿದೆ. ಸೇತುವೆ ಬಂತು, ಕೆಳಗೆ ತುಂಬಿದ ಹೊಳೆ. ಕಲಬುರಗಿ ಕಡೆಯ ನಾವು ಭೀಮೆ ದಾಟುವಾಗ ನಾಣ್ಯ ಎಸೆದು ಕೈಮುಗಿಯುವವರು. ಕೈ ತಾನಾಗಿಯೇ ಜೇಬಿಗೆ ಹೋಯಿತು. ನಾಣ್ಯ ಪರದೆಯ ಸಂದಿಯಲ್ಲಿ ಇಳಿಯಿತು. ಹೊಳೆ, ಸೇತುವೆ, ರಸ್ತೆ ಎಲ್ಲ ಕತ್ತಲಾಯಿತು.

“ಎರಡೂ ಕೈ ಸ್ಟೇರಿಂಗ್ ಮ್ಯಾಗ ಇರಬೇಕಂತ ಬೆಳಗಿನಿಂದ ಬಡ್ಕೊಳ್ಳಾಕತ್ತೀನಲ್ಲೋ!” ಎಂದು ನನ್ನನ್ನು ಹೊರಗೆ ಕಳಿಸಿದಿರಿ. ಅದು ನ್ಯಾಯವೇ.

ಆದರೆ ಈ ತರಬೇತಿಯ ಸರ್ಟಿಫಿಕೇಟ್ ಇಲ್ಲದೆ ನನ್ನ ಲೈಸೆನ್ಸ್ ನವೀಕರಣವಾಗುವುದಿಲ್ಲ. ಟ್ಯಾಂಕರಿನ ಕೀಲಿಯನ್ನು ಬೇರೊಬ್ಬನಿಗೆ ಕೊಡುವ ಮಾತು ಮಾಲೀಕರ ಬಾಯಲ್ಲಿ ಬಂದಿದೆ. ನನ್ನ ಪರವಾಗಿ ಇರುವವಳು ಹೆಂಡತಿ ಶಿವದೇವಿ ಒಬ್ಬಳೇ. “ಹೊಳಿ ಕಂಡ್ರೂ ಕೈ ಮುಗೀಲಾರದಾಂವನ್ನ ನಂಬಿ ಟ್ಯಾಂಕರ್ ಯಾರು ಕೊಡ್ತಾರ್ರಿ?” ಎನ್ನುತ್ತಾಳೆ.

ಯಂತ್ರ ಸರಿಯಾದ ಮೇಲೆ ಇನ್ನೊಂದು ಅವಕಾಶ ಕೊಡಿ. ಜೇಬು ಖಾಲಿ ಮಾಡಿಕೊಂಡೇ ಬರುತ್ತೇನೆ, ಸ್ಟೇರಿಂಗ್‌ನಿಂದ ಕೈ ತೆಗೆಯುವುದಿಲ್ಲ. ಒಂದೇ ಬಿನ್ನಹ: ಪಕ್ಕದಲ್ಲಿ ಶಿವದೇವಿ ಕೂರಲು ಒಪ್ಪಿಗೆ ಇರಲಿ. ಅವಳು ಏನನ್ನೂ ಎಸೆಯುವುದಿಲ್ಲ. ಹೊಳೆ ಬಂದಾಗ ನನ್ನ ಬದಲು ಕೈಮುಗಿಯುತ್ತಾಳೆ, ಅಷ್ಟೇ.

ನಿಮ್ಮ ಕರೆಗೆ ಕಾದಿರುವ,
ಸೂರ್ಯಕಾಂತ